ನಗೆಯೊಳಗಿನ ತಾತ್ಸಾರ

ಅಮೆರಿಕದ ಮನೋವೈದ್ಯ ಸ್ಟೀಫನ್ ಬರ್ಗ್‌ಮನ್ ಅವರು ಸ್ಯಾಮ್ಯುಯೆಲ್ ಶೆಮ್ ಎಂಬ ಗುಪ್ತನಾಮದಲ್ಲಿ ಬರೆದ ‘ದಿ ಹೌಸ್ ಆಫ್ ಗಾಡ್’ ಎಂಬ ಇಂಗ್ಲಿಷ್ ಕಾದಂಬರಿ 1978ರಲ್ಲಿ ಪ್ರಕಟವಾಯಿತು. ಅಂದಿನಿಂದ ವೈದ್ಯವಿದ್ಯಾರ್ಥಿಗಳ ಹಲವು ತಲೆಮಾರುಗಳು ಅದನ್ನು ಓದಿ ನಕ್ಕಿವೆ. ಆ ನಗೆ ಯಾರನ್ನು ಕುರಿತದ್ದೆಂಬುದು ವಿಚಾರಾರ್ಹ.

ವೈದ್ಯಪದವಿ ಪಡೆದ ರಾಯ್ ಬ್ಯಾಶ್ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಳೆಯುವ ಮೊದಲ ವರ್ಷವೇ ಕಥಾವಸ್ತು. ಅಲ್ಲಿ ಬುದ್ಧಿ ಮಸುಕಾದ ವೃದ್ಧರೋಗಿಗಳಿಗೆ ‘ಗೋಮರ್’ ಎಂಬ ಹೆಸರು. ತುರ್ತು ಚಿಕಿತ್ಸಾ ಕೊಠಡಿಯಿಂದ ತೊಲಗೆಂದು ಗದರುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದಾದ ಪದವಿದು. ರಾಯ್ ಈ ತಾತ್ಸಾರವನ್ನು ನಿದ್ರೆಯಿಲ್ಲದ ರಾತ್ರಿಗಳಲ್ಲಿ, ಹಿರಿಯ ಸಹೋದ್ಯೋಗಿಗಳ ಬಾಯಿಂದ ಕಲಿಯುತ್ತಾನೆ. ತಿರಸ್ಕಾರವೂ ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠವೆಂಬುದನ್ನು ಬಯಲಿಗೆಳೆದದ್ದು ಕೃತಿಯ ಹಿರಿಮೆ.

ಇನ್ನೊಂದು ಗುಣವೂ ಉಂಟು. ಫ್ಯಾಟ್ ಮ್ಯಾನ್ ಎಂಬ ಹಿರಿಯ ವೈದ್ಯ, ಇಂಥ ವೃದ್ಧರ ಮೇಲೆ ಅನವಶ್ಯಕ ಪರೀಕ್ಷೆ, ಚಿಕಿತ್ಸೆಗಳನ್ನು ಹೇರಬಾರದೆಂದು ಬೋಧಿಸುತ್ತಾನೆ. ಅತಿಯಾದ ಔಷಧ, ಮೂತ್ರದ ಕೊಳವೆ, ದೀರ್ಘಕಾಲದ ಶಯ್ಯೆ ಇವು ವೃದ್ಧದೇಹಕ್ಕೆ ಗೊಂದಲ, ಸೋಂಕು, ಹಾಸಿಗೆಹುಣ್ಣುಗಳನ್ನು ತರಬಲ್ಲವೆಂಬುದು ಇಂದು ವೃದ್ಧಚಿಕಿತ್ಸಾಶಾಸ್ತ್ರದ ಮೊದಲ ತಿಳಿವಳಿಕೆ.

ಆದರೆ ದೋಷವೂ ಇಲ್ಲಿಯೇ ಅಡಗಿದೆ. ಮೇಲಿನ ವೈದ್ಯೆ ಜೋ ಎಲ್ಲ ಪರೀಕ್ಷೆಗಳನ್ನೂ ಮಾಡಬೇಕೆಂದಾಗ, ರಾಯ್ ಮಾಡದುದನ್ನು ಮಾಡಿದಂತೆ ಕಡತದಲ್ಲಿ ಬರೆಯುತ್ತಾನೆ. ರೋಗಿಗಳು ಸುಖವಾಗಿರುತ್ತಾರೆ, ತಂಡಕ್ಕೆ ಪ್ರಶಂಸೆಯೂ ದೊರೆಯುತ್ತದೆ. ಕಾದಂಬರಿ ಇದನ್ನು ವಿಜಯವೆಂಬಂತೆ ಚಿತ್ರಿಸುತ್ತದೆ. ಸುಳ್ಳಿನ ಆಸರೆಯಲ್ಲಿ ನಿಂತ ಕರುಣೆ ಎಷ್ಟು ಕಾಲ ಬಾಳೀತು? ಆ ಕಡತವನ್ನು ನಂಬಿ ಮುಂದಿನ ವೈದ್ಯನು ಕೈಗೊಳ್ಳುವ ನಿರ್ಧಾರಕ್ಕೆ ಹೊಣೆ ಯಾರು? ಈ ಗುಟ್ಟಿನ ತೀರ್ಮಾನದಲ್ಲಿ ರೋಗಿಗೆ ಪಾಲಿಲ್ಲ. ವೃದ್ಧರು ಚೀರುತ್ತಾರೆ, ಹಾಸಿಗೆಯಿಂದ ಬೀಳುತ್ತಾರೆ. ಅವರು ಬಾಳಿದ ಬದುಕು ಓದುಗನಿಗೆ ಬಹುಮಟ್ಟಿಗೆ ತಿಳಿಯುವುದೇ ಇಲ್ಲ.

ಅಡ್ಡಹೆಸರು ಬರಿಯ ಮಾತಾಗಿ ಉಳಿಯುವುದಿಲ್ಲ. ವೃದ್ಧರಲ್ಲಿ ಹಠಾತ್ತನೆ ತೋರುವ ಬುದ್ಧಿಗೊಂದಲಕ್ಕೆ ಎಷ್ಟೋ ವೇಳೆ ಸೋಂಕೋ ಔಷಧವೋ ಕಾರಣವಾಗಿರುತ್ತದೆ. ಕಾರಣವನ್ನು ಹುಡುಕಿದರೆ ಅನೇಕರು ಚೇತರಿಸಿಕೊಳ್ಳಬಲ್ಲರು. ‘ಗೋಮರ್’ ಎಂದು ಕರೆದ ಬಳಿಕ ಹುಡುಕುವವರಾರು? ಅನಾದರವು ಹೀಗೆ ಅಜ್ಞಾನವಾಗಿ ಪರಿಣಮಿಸುತ್ತದೆ.

ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ ವಯೋಧರ್ಮದ ಕಾರಣಕ್ಕೆ ತೋರುವ ಈ ಪಕ್ಷಪಾತಕ್ಕೆ 1969ರಲ್ಲಿಯೇ ‘ಏಜಿಸಂ’ ಎಂದು ಹೆಸರಿಟ್ಟರು. 1982ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಶಾಲೆಯಲ್ಲಿ ವೃದ್ಧಚಿಕಿತ್ಸಾ ವಿಭಾಗವನ್ನು ಸ್ಥಾಪಿಸಿದರು. ಕಲಿತ ತಿರಸ್ಕಾರಕ್ಕೆ ಕಲಿಕೆಯೇ ಮದ್ದು. ವೈದ್ಯವಿದ್ಯಾರ್ಥಿಗಳು ಈ ಕಾದಂಬರಿಯನ್ನು ಅವಶ್ಯ ಓದಲಿ. ಆದರೆ ಹಾಸಿಗೆಯ ಮೇಲಿರುವ ವೃದ್ಧರ ಪಕ್ಕದಲ್ಲಿ ನಿಂತು ಓದಲಿ.