ತಂದೆಯ ಹೆಸರಿನ ಪುಸ್ತಕ

ಬರಾಕ್ ಒಬಾಮರವರು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷಪೀಠವನ್ನೇರಿದ್ದು 2009ನೆಯ ಇಸವಿಯಲ್ಲಿ; ಇಳಿದದ್ದು 2017ರಲ್ಲಿ. ಆ ಎಂಟು ವರ್ಷಗಳ ರಾಜ್ಯಭಾರದ ಗುಣದೋಷಗಳನ್ನು ತೂಗುವ ಯೋಗ್ಯತೆ ನನಗಿಲ್ಲ. ಅವರು ರಾಜಕಾರಣಕ್ಕೆ ಕಾಲಿಡುವ ಮುಂಚೆಯೇ, ಮೂವತ್ತನಾಲ್ಕು ತುಂಬುವುದಕ್ಕೆ ಮೊದಲು, 1995ರಲ್ಲಿ ಪ್ರಕಟಿಸಿದ ‘ಡ್ರೀಮ್ಸ್ ಫ್ರಂ ಮೈ ಫಾದರ್’ ಎಂಬ ಆತ್ಮಕಥನವೊಂದೇ ಇಲ್ಲಿಯ ವಿಷಯ. ತಂದೆಯಿಂದ ಬಂದ ಕನಸುಗಳು ಎಂದು ಆ ಹೆಸರಿಗೆ ಅರ್ಥ. ಹಳೆಯ ಶಿಷ್ಯನೊಬ್ಬನು ತಂದುಕೊಟ್ಟ ಪ್ರತಿಯನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಬಾರಿ ಓದಿದೆನು. ಮೊದಲ ಓದಿನಲ್ಲಿ ಹುಟ್ಟಿದ ಮೆಚ್ಚಿಕೆಯು ಎರಡನೆಯದರಲ್ಲಿ ಹೋಗಲಿಲ್ಲ. ಆದರೆ ಅದರ ಜೊತೆಗೆ ಒಂದು ಆಕ್ಷೇಪವೂ ಬೆಳೆಯಿತು. ಅದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನ.

ನಾನಾ ಜನಾಂಗಗಳು ಬಂದು ನೆಲಸಿದ ದೇಶಕ್ಕೆ ನಾನಾ ಕುಲಗಳು ಕೂಡಿದ ನಾಯಕನು ದೊರೆತನು, ಅದಕ್ಕೆ ಈ ಗ್ರಂಥವೇ ಪ್ರಮಾಣ ಎಂದು ಹೇಳುವವರು ಬಹಳ. ತಂದೆ ಕೀನ್ಯಾ ದೇಶದ ಲುವೋ ಎಂಬ ಬುಡಕಟ್ಟಿನವನು, ತಾಯಿ ಕ್ಯಾನ್ಸಸ್ ಸಂಸ್ಥಾನದಲ್ಲಿ ಹುಟ್ಟಿದ ಬಿಳಿಯ ಹೆಂಗಸು, ಮಲತಂದೆ ಇಂಡೊನೇಷಿಯಾದವನು, ಮಗ ಹುಟ್ಟಿದ್ದು 1961ರಲ್ಲಿ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ. ಭೂಗೋಳದ ಪಟವನ್ನೇ ಒಬ್ಬ ಬಾಲಕನ ಮೈಮೇಲೆ ಹಾಸಿದಂತಿದೆ. ಆದರೆ ಪುಸ್ತಕವು ಹೇಳುವುದು ಕೂಡಿಕೆಯ ಸುಖವನ್ನಲ್ಲ. ಕೂಡಿದ್ದವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಮರೆಗೆ ಸರಿಸಬೇಕಾಗಿ ಬಂದ ಸಂಕಟವನ್ನು ಅದು ಹೇಳುತ್ತದೆ. ಅದರ ಸತ್ಯವಿರುವುದೂ ಅಲ್ಲಿಯೇ.

ಗ್ರಂಥದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬಹುದು. ಹಾರ್ವರ್ಡ್ ವಿದ್ಯಾಪೀಠದ ನ್ಯಾಯಶಾಸ್ತ್ರ ಪತ್ರಿಕೆಗೆ 1990ರಲ್ಲಿ ಕರಿಯ ವಿದ್ಯಾರ್ಥಿಯೊಬ್ಬನು ಮೊಟ್ಟಮೊದಲಿಗೆ ಅಧ್ಯಕ್ಷನಾದನೆಂಬ ಸುದ್ದಿಯಿಂದ ಪ್ರಕಾಶಕರು ಬಂದರು. ಪುಸ್ತಕವು ಆಗ ಹೆಚ್ಚಾಗಿ ಮಾರಾಟವಾಗದೆ, 2004ರಲ್ಲಿ ಅವರ ಹೆಸರು ದೇಶಕ್ಕೆಲ್ಲ ತಿಳಿದ ಮೇಲೆ ಪುನರ್ಮುದ್ರಣವಾಯಿತು. ಅದಕ್ಕೆ ಮೂರು ಭಾಗಗಳು: ಹುಟ್ಟುಬೆಳವಣಿಗೆ, ಷಿಕಾಗೋ, ಕೀನ್ಯಾ. ನಡುವಣ ಷಿಕಾಗೋ ಭಾಗವು, ಅಲ್ಲಿನ ಬಡ ಕೇರಿಗಳ ಸಭೆಗಳೂ ಅರ್ಜಿಗಳೂ ಸೇರಿ, ಮೂರನೆಯ ಒಂದಂಶ ಕಡಮೆಯಾಗಿದ್ದರೆ ನಷ್ಟವಿರಲಿಲ್ಲ. ಹಲವು ಪಾತ್ರಗಳು ಇಬ್ಬರು ಮೂವರನ್ನು ಕೂಡಿಸಿ ಮಾಡಿದವು, ಕೆಲವು ಪ್ರಸಂಗಗಳು ಕಾಲಾನುಕ್ರಮದಲ್ಲಿಲ್ಲ ಎಂದು ಗ್ರಂಥಕರ್ತರೇ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾರೆ. ಸೂತಪುರಾಣಿಕರ ಬಾಯಿಂದ ಸಂವಾದಗಳನ್ನು ಕೇಳಿ ಬೆಳೆದ ನಮಗೆ ಅದು ದೋಷವಾಗಿ ಕಾಣುವುದಿಲ್ಲ.

ಹುಟ್ಟುಬೆಳವಣಿಗೆಯ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ತಾಯಿತಂದೆಗಳು 1961ರಲ್ಲಿ ಮದುವೆಯಾದರು. ಕರಿಯರಿಗೂ ಬಿಳಿಯರಿಗೂ ವಿವಾಹಸಂಬಂಧವನ್ನು ನಿಷೇಧಿಸುವ ಶಾಸನಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿದ್ದು 1967ರಲ್ಲಿ; ಆ ಹೊತ್ತಿಗೂ 16 ಸಂಸ್ಥಾನಗಳಲ್ಲಿ ಅವು ಜಾರಿಯಲ್ಲಿದ್ದುವು. ತಂದೆಯು ಮಗು ಎಳೆಯದಾಗಿರುವಾಗಲೇ ಓದಿಗೆಂದು ದೂರ ಹೋದವನು ಮರಳಿ ಸಂಸಾರ ಹೂಡಲಿಲ್ಲ. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಒಂದೇ ಒಂದು ತಿಂಗಳು ಬಂದು ಇದ್ದು ಹೋದನು. 1982ರಲ್ಲಿ ನೈರೋಬಿಯಲ್ಲಿ ಮೋಟಾರು ಅಪಘಾತದಿಂದ ತೀರಿಕೊಂಡನು.

ಇತ್ತ ತಾಯಿಯನ್ನು ನೋಡಿರಿ. ಜಕಾರ್ತಾದಲ್ಲಿದ್ದಾಗ ಮಗನನ್ನು ದೊಡ್ಡ ಶಾಲೆಗೆ ಕಳುಹಿಸಲು ಹಣವಿಲ್ಲ. ವಾರಕ್ಕೆ ಐದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಅವನನ್ನೆಬ್ಬಿಸಿ, ಬಲವಂತವಾಗಿ ಒಂದಿಷ್ಟು ತಿನ್ನಿಸಿ, ಮೂರು ಗಂಟೆಗಳ ಕಾಲ ಇಂಗ್ಲಿಷ್ ಪಾಠ ಹೇಳಿ, ಅನಂತರ ತನ್ನ ಉದ್ಯೋಗಕ್ಕೆ ಹೋಗುವಳು. ಹುಡುಗನು ಹೊಟ್ಟೆನೋವೆಂದು ನೆಪ ಹೂಡಿದರೆ, ತನಗೇನೂ ಇದು ವನಭೋಜನವಲ್ಲವೆಂದು ಗದರಿಸುವಳು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಅಮರಕೋಶವನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಆ ತೂಕಡಿಕೆಯ ರುಚಿ ಗೊತ್ತು. ಆದರೆ ನಮಗೆ ಪಾಠ ಹೇಳಿದ ಗುರುಗಳು ಅನಂತರ ಕಚೇರಿಗೆ ಹೋಗಬೇಕಾಗಿರಲಿಲ್ಲ. ಇಷ್ಟೇ ಅಲ್ಲ. ಕರಿಯ ಜನರ ಹಕ್ಕಿನ ಹೋರಾಟದ ಪುಸ್ತಕಗಳು, ಮಾರ್ಟಿನ್ ಲೂಥರ್ ಕಿಂಗರ ಭಾಷಣಗಳು, ಮಹಾಲಿಯಾ ಜಾಕ್ಸನ್ ಎಂಬ ಗಾಯಕಿಯ ಧ್ವನಿಮುದ್ರಿಕೆಗಳು, ಇವೆಲ್ಲವನ್ನೂ ತಂದು ಮಗನಿಗೆ ಕೊಟ್ಟವಳು ಆ ಬಿಳಿಯ ತಾಯಿಯೇ. ಕಪ್ಪಾಗಿರುವುದು ಒಂದು ಹಿರಿಮೆಯೆಂದು ಅವನು ಮೊದಲು ಕಲಿತದ್ದು ತಾಯಿಯ ಮಡಿಲಿನಲ್ಲಿ. ಇಲ್ಲದ ತಂದೆಯನ್ನು ಮಗನ ಕಣ್ಣಿನಲ್ಲಿ ದೊಡ್ಡವನನ್ನಾಗಿ ಕಟ್ಟಿಕೊಟ್ಟವಳೂ ಅವಳೇ. ಹೀಗಿದ್ದೂ ಪುಸ್ತಕಕ್ಕೆ ತಂದೆಯ ಹೆಸರು.

ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ತನ್ನ ತಾಯಿ ಬಿಳಿಯಳೆಂದು ಹೇಳಿಕೊಳ್ಳುವುದನ್ನೇ ಬಿಟ್ಟೆನೆಂದು ಗ್ರಂಥಕರ್ತರು ಪೀಠಿಕೆಯಲ್ಲಿ ಬರೆದಿದ್ದಾರೆ. ಹೇಳಿಕೊಂಡರೆ ಬಿಳಿಯರ ಮೆಚ್ಚುಗೆಯನ್ನು ಬೇಡಿದಂತಾಗುವುದೆಂಬ ಅನುಮಾನ ಅವರಿಗೆ. ಅದು ಸ್ವಾಭಿಮಾನದ ಮಾತು. ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಆ ಸ್ವಾಭಿಮಾನಕ್ಕೆ ಬೆಲೆ ತೆತ್ತವರು ಯಾರು? ಲೋಕವು ನೋಡುವುದು ಚರ್ಮವನ್ನು. ಆ ಚರ್ಮದಲ್ಲಿ ತಾಯಿ ಕಾಣುವುದಿಲ್ಲ. ವರ್ಣವೆಂಬ ಒಂದೇ ಶಬ್ದದಿಂದ ಬಣ್ಣವನ್ನೂ ಕುಲವನ್ನೂ ಹೇಳುವ ನಮ್ಮ ಭಾಷೆಗೆ ಈ ರಹಸ್ಯವು ಮೊದಲಿನಿಂದಲೂ ಗೊತ್ತಿದೆ. ಹಾಗೆಂದು ನಾವು ಹೆಮ್ಮೆಪಡತಕ್ಕದ್ದೇನೂ ಇಲ್ಲ.

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಗುರುಕುಲಕ್ಕೆ ಹೊರಟ ಸತ್ಯಕಾಮನು ತನ್ನ ಗೋತ್ರವಾವುದೆಂದು ತಾಯಿಯನ್ನು ಕೇಳುತ್ತಾನೆ. ಯೌವನದಲ್ಲಿ ಅನೇಕ ಕಡೆ ಪರಿಚಾರಿಕೆಯಾಗಿದ್ದಾಗ ನಿನ್ನನ್ನು ಪಡೆದೆನು, ಗೋತ್ರವನ್ನರಿಯೆನು. ನಾನು ಜಬಾಲೆ, ಆದುದರಿಂದ ನೀನು ಸತ್ಯಕಾಮ ಜಾಬಾಲನೆಂದೇ ಹೇಳು ಎಂದು ಆಕೆ ನುಡಿಯುತ್ತಾಳೆ. ಹುಡುಗನು ಗೌತಮನ ಮುಂದೆ ನಿಂತು ಹಾಗೆಯೇ ಹೇಳುತ್ತಾನೆ, ಗುರುವು ಸ್ವೀಕರಿಸುತ್ತಾನೆ. ಗೌತಮನ ಔದಾರ್ಯವನ್ನೇ ನಾವು ಸದಾ ಕೊಂಡಾಡುತ್ತೇವೆ. ಆದರೆ ಆ ಹುಡುಗನು ಉಪನಿಷತ್ತಿನಲ್ಲಿ ಉಳಿದದ್ದು ತಾಯಿಯ ಹೆಸರಿನಿಂದ ಎಂಬುದನ್ನು ಎಷ್ಟು ಮಂದಿ ನೆನೆಯುತ್ತೇವೆ?

ನಾನೂ ನೆನೆದಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ಕೆಳಗೆ ನಾನು ಕೆಲಸದಲ್ಲಿದ್ದ ಶಾಲೆಗೆ ಕೂಲಿಯ ಹೆಂಗಸೊಬ್ಬಳು ಮಗನನ್ನು ಸೇರಿಸಲು ಬಂದಳು. ದಾಖಲೆಯ ಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣಕ್ಕೆ ಬಂದಾಗ ಸುಮ್ಮನಾದಳು. ಮತ್ತೆ ಕೇಳಿದೆನು. “ನನ್ನ ಹೆಸರೇ ಬರಕೊಳ್ಳಿ ಸ್ವಾಮಿ” ಎಂದಳು. ಅದಕ್ಕೆ ಅವಕಾಶವಿಲ್ಲವೆಂದು ಹೇಳಿ, ಅವಳ ತಮ್ಮನ ಹೆಸರನ್ನು ಕೇಳಿ, ಅದನ್ನೇ ಅಲ್ಲಿ ಬರೆದೆನು. ಆ ವರ್ಷವೇ ನಾನು ಮೇಲಿನ ತರಗತಿಗೆ ಸತ್ಯಕಾಮನ ಪಾಠವನ್ನು ಕಣ್ಣಲ್ಲಿ ನೀರು ಬರುವಂತೆ ಹೇಳಿದೆನೆಂದು ಹುಡುಗರು ಹೊಗಳಿದರು. ಈ ಪುಸ್ತಕವನ್ನು ಓದುವವರೆಗೆ ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಹುಟ್ಟಲಿಲ್ಲ.

ಪುಸ್ತಕದ ಬಲವನ್ನು ತಿಳಿಯಲು ಒಂದು ಪ್ರಸಂಗ ಸಾಕು. ಹವಾಯಿಯಲ್ಲಿ ಬಾಲಕನನ್ನು ಸಾಕಿದವರು ತಾಯಿಯ ತಾಯಿತಂದೆಗಳು. ಒಂದು ದಿನ ಅಜ್ಜಿಯು ಬಸ್ಸಿನ ನಿಲ್ದಾಣದಲ್ಲಿ ಒಬ್ಬ ಭಿಕ್ಷುಕನು ಪೀಡಿಸಿದನೆಂದು ಹೆದರಿ ಬರುತ್ತಾಳೆ. ಆ ಭಿಕ್ಷುಕನು ಕರಿಯನಾಗಿದ್ದನು, ಹೆದರಿಕೆಯ ನಿಜವಾದ ಕಾರಣವೂ ಅದೇ ಎಂದು ಅಜ್ಜನು ಮೊಮ್ಮಗನ ಕಿವಿಯಲ್ಲಿ ಹೇಳುತ್ತಾನೆ. ತನಗಾಗಿ ಜೀವ ತೇಯುವ ಅಜ್ಜಿಯೇ ತನ್ನ ಅಣ್ಣನೋ ತಮ್ಮನೋ ಆಗಬಹುದಾಗಿದ್ದ ಒಬ್ಬ ದಾರಿಹೋಕನನ್ನು ಕಂಡು ನಡುಗುವಳು! ಹುಡುಗನು ಅಜ್ಜಿಯನ್ನು ದ್ವೇಷಿಸಲಾರ, ಕ್ಷಮಿಸಿ ದೊಡ್ಡವನಾಗಲೂ ಆರ. ನೆಲ ಕಾಲಕೆಳಗೆ ಸರಿದಂತಾಗಿ ಒಬ್ಬನೇ ನಿಂತುಬಿಡುತ್ತಾನೆ. ವ್ಯಾಖ್ಯಾನವಿಲ್ಲ, ಉಪದೇಶವಿಲ್ಲ.

ಇದೇ ಅಜ್ಜಿಯು 2008ರ ಮಾರ್ಚಿ ತಿಂಗಳ 18ರಂದು ಫಿಲಡೆಲ್ಫಿಯಾದಲ್ಲಿ ಮತ್ತೆ ಬರುತ್ತಾಳೆ. ತಮ್ಮ ಚರ್ಚಿನ ಕರಿಯ ಪಾದ್ರಿಯ ಕಟುಭಾಷಣಗಳಿಂದ ಚುನಾವಣೆಯು ಕೈತಪ್ಪುವಂತಿದ್ದಾಗ ಒಬಾಮರವರು ಮಾಡಿದ ಪ್ರಸಿದ್ಧ ಭಾಷಣವದು. ಬಿಳಿಯ ಅಜ್ಜಿಯನ್ನು ಹೇಗೆ ತೊರೆಯಲಾರೆನೋ ಹಾಗೆಯೇ ಆ ಪಾದ್ರಿಯನ್ನೂ ತೊರೆಯಲಾರೆನೆಂದು ಹೇಳಿ, ಅವಳ ಅಂಜಿಕೆಯನ್ನು ನಿದರ್ಶನವಾಗಿ ಕೊಟ್ಟರು. ಭಾಷಣವು ಉತ್ತಮವಾದುದೇ. ಎರಡು ಜನಾಂಗಗಳ ಕೋಪವನ್ನೂ ಒಂದೇ ಬಾಯಿಂದ ಹೇಳಬಲ್ಲವನು ಅಂಥ ಮನೆಯಲ್ಲಿ ಬೆಳೆದವನಲ್ಲದೆ ಬೇರೆ ಯಾರು? ಆದರೆ ಕಾವ್ಯದೃಷ್ಟಿಯಿಂದ ಹೋಲಿಸಿದರೆ, ಪುಸ್ತಕದಲ್ಲಿ ಅವಳು ಅಜ್ಜಿ. ಭಾಷಣದಲ್ಲಿ ತಕ್ಕಡಿಯ ಒಂದು ತಟ್ಟೆ. ಪಾದ್ರಿಯನ್ನು ಸರಿದೂಗಿಸಲು ಅವಳನ್ನು ಕೂರಿಸಲಾಗಿದೆ. ಕೆಲವು ವಾರಗಳಲ್ಲಿಯೇ ಪಾದ್ರಿಯನ್ನು ತೊರೆಯಬೇಕಾಯಿತು. ಅಜ್ಜಿಯು ಮತದಾನಕ್ಕೆ ಎರಡು ದಿನ ಮುಂಚೆ, ನವೆಂಬರ್ 2ರಂದು ಕಾಲವಾದಳು.

ಕೀನ್ಯಾ ಭಾಗಕ್ಕೆ ಬಂದರೆ ಬರೆವಣಿಗೆಯು ಬೇರೊಂದು ಎತ್ತರಕ್ಕೆ ಏರುತ್ತದೆ. 1988ರಲ್ಲಿ ನೈರೋಬಿಯ ವಿಮಾನನಿಲ್ದಾಣದಲ್ಲಿ ಸಾಮಾನು ತಪ್ಪಿಹೋಗಿ ದೂರು ಬರೆಸುವಾಗ, ಅಲ್ಲಿದ್ದ ಹೆಣ್ಣುಮಗಳು ಹೆಸರನ್ನು ನೋಡಿ, ಇಂಥವರ ಸಂಬಂಧಿಯೇ ಎಂದು ಕೇಳುತ್ತಾಳೆ. ಯಾರೂ ಸರಿಯಾಗಿ ಉಚ್ಚರಿಸದಿದ್ದ ಹೆಸರಿಗೆ ಇಲ್ಲಿ ಒಂದು ಮನೆಯುಂಟು! ಮುಂದೆ ಹಳ್ಳಿಯಲ್ಲಿ ಅಜ್ಜಿ ಸಾರಾ ವಂಶಕಥೆಯನ್ನು ಹೇಳುತ್ತಾಳೆ. ಇವನನ್ನು ಅವನು ಪಡೆದನು, ಅವನನ್ನು ಇನ್ನೊಬ್ಬನು ಪಡೆದನು ಎಂದು ಸಾಗುವ ಆ ಧಾಟಿಯನ್ನು ಕೇಳಿದರೆ ವಿಷ್ಣುಪುರಾಣದ ವಂಶಾನುಚರಿತವು ಕಿವಿಯಲ್ಲಿ ಮೊಳಗುತ್ತದೆ. ಬಿಳಿಯರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದು, ಇಸ್ಲಾಂ ಮತವನ್ನು ಹಿಡಿದು ಹುಸೇನನೆಂದು ಹೆಸರಿಟ್ಟುಕೊಂಡ ಉಗ್ರಸ್ವಭಾವದ ಅಜ್ಜ ಒನ್ಯಾಂಗೊವಿನ ಚಿತ್ರವು ಗ್ರಂಥದಲ್ಲೆಲ್ಲ ಅತ್ಯಂತ ಸಮರ್ಥವಾದದ್ದು.

ಇಲ್ಲಿಯೇ ಇನ್ನೊಂದು ಸಂಗತಿಯು ಹೊರಬೀಳುತ್ತದೆ; ಗ್ರಂಥಕರ್ತರು ಅದನ್ನು ಹಿಗ್ಗಿಸದೆ ಬಿಟ್ಟಿರುವುದು ಅವರ ವಿವೇಕ. ಅಮೆರಿಕಾದಲ್ಲಿ ಕರಿಯನೆಂಬ ಒಂದೇ ಹೆಸರುಳ್ಳ ತಂದೆಯು ತನ್ನ ದೇಶದಲ್ಲಿ ಕರಿಯನಲ್ಲ, ಲುವೋ. ಕೀನ್ಯಾ 1963ರಲ್ಲಿ ಸ್ವತಂತ್ರವಾಯಿತು. ಅಧ್ಯಕ್ಷ ಕೆನ್ಯಾಟ್ಟಾ ಕಿಕುಯು ಬುಡಕಟ್ಟಿನವರು. 1969ರಲ್ಲಿ ಲುವೋ ಮುಖಂಡ ಟಾಮ್ ಎಂಬೋಯಾ ಕೊಲೆಯಾದರು. ಬುಡಕಟ್ಟಿನ ಪಕ್ಷಪಾತವನ್ನು ಗಟ್ಟಿಯಾಗಿ ಖಂಡಿಸಿದ ಹಾರ್ವರ್ಡಿನ ಅರ್ಥಶಾಸ್ತ್ರಜ್ಞನು ಸರಕಾರದ ಕೆಲಸ ಕಳೆದುಕೊಂಡು, ಕುಡಿತಕ್ಕಿಳಿದು, ಮಕ್ಕಳ ಕಣ್ಣೆದುರಿಗೆ ಕುಗ್ಗಿಹೋದನೆಂದು ಮಲಸೋದರಿ ಆವುಮಾ ಹೇಳುತ್ತಾಳೆ. ಮೈಬಣ್ಣ ಒಂದೇ ಆದ ಮಾತ್ರಕ್ಕೆ ಗೋತ್ರದ ಪ್ರಶ್ನೆ ನಿಲ್ಲುವುದಿಲ್ಲ. 2008ರಲ್ಲಿ ಕೀನ್ಯಾದ ಜನರೇ, ಲುವೋ ಒಬ್ಬನು ನಮ್ಮಲ್ಲಿ ಅಧ್ಯಕ್ಷನಾಗುವುದಕ್ಕೆ ಮುಂಚೆ ಅಮೆರಿಕಾದಲ್ಲಿ ಆಗುವನೆಂದು ನಗೆಯಾಡುತ್ತಿದ್ದರು. ಆ ನಗೆಯು ನಿಜವಾಯಿತು.

ಪದವಿಗೆ ಬಂದ ಮೇಲೂ ಕೇಳುವವರ ಬಾಯಿ ಮುಚ್ಚಲಿಲ್ಲ. ಈತನು ದೇಶದಲ್ಲಿ ಹುಟ್ಟಿದವನೇ ಅಲ್ಲವೆಂದು ಕೂಗಾಡಿದವರಿಗಾಗಿ ರಾಷ್ಟ್ರಾಧ್ಯಕ್ಷರು 2011ರ ಏಪ್ರಿಲಿನಲ್ಲಿ ತಮ್ಮ ಜನನಪತ್ರದ ಪೂರ್ಣಪ್ರತಿಯನ್ನು ಪ್ರಕಟಿಸಬೇಕಾಯಿತು. ಅದಕ್ಕೆ ಒಂದು ವರ್ಷ ಹಿಂದೆ, 2010ರ ಜನಗಣತಿಯಲ್ಲಿ, ಜನಾಂಗವಾವುದೆಂಬ ಪ್ರಶ್ನೆಗೆ ಅವರು ಒಂದೇ ಮನೆಗೆ ಗುರುತು ಹಾಕಿದರು: ಕರಿಯ. ಒಂದಕ್ಕಿಂತ ಹೆಚ್ಚು ಮನೆಗಳಿಗೆ ಗುರುತು ಹಾಕಲು 2000ದ ಗಣತಿಯಿಂದಲೂ ಅನುಮತಿಯಿತ್ತು. ಹದಿಮೂರರ ಬಾಲಕನು ಮಾಡಿದ್ದನ್ನೇ ನಲವತ್ತೆಂಟರ ರಾಷ್ಟ್ರಾಧ್ಯಕ್ಷನೂ ಮಾಡಿದನು.

ಕಮಲಾ ಹ್ಯಾರಿಸರವರು 2021ರಲ್ಲಿ ಉಪಾಧ್ಯಕ್ಷರಾದಾಗ ನಮ್ಮ ಮನೆಗಳಲ್ಲಿಯೂ ಸಂಭ್ರಮವಾಯಿತು. ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ವಂಶದವರಲ್ಲವೇ! ಆದರೆ ಆ ತಾಯಿಯು, ತಾನು ನೆಲಸಿದ ದೇಶವು ಮಕ್ಕಳನ್ನು ಕರಿಯರೆಂದೇ ಕಾಣುವುದೆಂದರಿತು ಹಾಗೆಯೇ ಬೆಳೆಸಿದರೆಂದು ಮಗಳು 2019ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಈಕೆ ಭಾರತೀಯಳೋ ಕರಿಯಳೋ ಎಂದು 2024ರ ಚುನಾವಣೆಯಲ್ಲಿ ಎದುರಾಳಿಯು ತುಂಬಿದ ಸಭೆಯಲ್ಲಿ ಕೇಳಿದರು. ನಮ್ಮವಳೆಂದು ಹಿಗ್ಗಿದ ನಾವು ಕೇಳಿದ್ದೂ ಗೋತ್ರವನ್ನೇ. ನಮ್ಮ ದನಿ ಪ್ರೀತಿಯದಾಗಿತ್ತೆಂಬುದಷ್ಟೇ ಭೇದ.

ಇನ್ನು ನನ್ನ ಆಕ್ಷೇಪಕ್ಕೆ ಗ್ರಂಥಕರ್ತರೇ ಉತ್ತರ ಕೊಟ್ಟಿದ್ದಾರೆಂಬುದನ್ನು ಮುಚ್ಚಿಡಬಾರದು. ಪುಸ್ತಕವು ಹೊರಬಂದ ಕೆಲವೇ ತಿಂಗಳಲ್ಲಿ, 1995ರ ನವೆಂಬರಿನಲ್ಲಿ, ಆ ತಾಯಿ ಆ್ಯನ್ ಡನ್‌ಹ್ಯಾಮ್ ಅರ್ಬುದರೋಗದಿಂದ ತೀರಿಕೊಂಡರು. ಜಾವಾ ದ್ವೀಪದ ಕಮ್ಮಾರರ ಕಸುಬನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ವಿದುಷಿ ಆಕೆ ಎಂಬುದನ್ನು ನಾನು ಬೇರೆ ಕಡೆ ಓದಿ ತಿಳಿಯಬೇಕಾಯಿತು. 2004ರ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಮಗನು, ಆಕೆ ಉಳಿಯಳೆಂದು ಮೊದಲೇ ತಿಳಿದಿದ್ದರೆ ಬಹುಶಃ ಬೇರೆಯ ಪುಸ್ತಕವನ್ನೇ ಬರೆಯುತ್ತಿದ್ದೆನೆಂದು, ಇಲ್ಲದ ತಂದೆಗಿಂತ ಸದಾ ಇದ್ದ ತಾಯಿಗೆ ಅದು ಮೀಸಲಾಗುತ್ತಿತ್ತೆಂದು ಒಪ್ಪಿಕೊಂಡಿದ್ದಾರೆ. ಪುಸ್ತಕದ ಕರಡನ್ನು ಆಕೆ ಓದುತ್ತಿದ್ದರಂತೆ. ಮಗನು ತಪ್ಪು ತಿಳಿದಿದ್ದ ಸಂಗತಿಗಳನ್ನು ತಿದ್ದುತ್ತಿದ್ದರಂತೆ. ತನ್ನನ್ನು ಚಿತ್ರಿಸಿದ ಬಗೆಯ ವಿಷಯದಲ್ಲಿ ಮಾತ್ರ ಏನನ್ನೂ ಹೇಳದೆ, ತಂದೆಯ ಕುಂದುಗಳು ಬಂದ ಕಡೆಯಲ್ಲೆಲ್ಲ ಆತನ ಪರವಾಗಿ ವಾದಿಸುತ್ತಿದ್ದರಂತೆ.