ಹೂಳಿನ ಪ್ರಶ್ನೆಗೆ ಸಿಗದ ಉತ್ತರ

ನೈಸರ್ಗಿಕ ಅನಿಲದ ಪೈಪ್‌ಲೈನಿಗೆ ಕೊಟ್ಟ ಅನುಮತಿಯನ್ನು ಪರಿಸರ ಸಂಘಟನೆಗಳು ಕೋರ್ಟಿಗೆ ಒಯ್ದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ: ಇದು ಕೆಲಸ ಎಳೆಯುವ ತಂತ್ರ, ಕಂಪನಿಯ ಕಿಸೆ ಬರಿದಾಗುವವರೆಗೆ ಕಾಯುವ ಆಟ. ಅಮೆರಿಕದ ಮೌಂಟನ್ ವ್ಯಾಲಿ ಪೈಪ್‌ಲೈನಿನ ವ್ಯಾಜ್ಯವನ್ನು ನೋಡಿದರೆ ಈ ದೂರು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೋರ್ಟು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿತು. ಎರಡು ಸಲವೂ ನೇರ ಉತ್ತರ ಸಿಗಲಿಲ್ಲ.

ವೆಸ್ಟ್ ವರ್ಜೀನಿಯಾದಿಂದ ವರ್ಜೀನಿಯಾದವರೆಗೆ ಸುಮಾರು 488 ಕಿಲೋಮೀಟರ್ ಉದ್ದ, 42 ಇಂಚು ವ್ಯಾಸದ ಕೊಳವೆ. 2017ರ ಅಕ್ಟೋಬರ್‌ನಲ್ಲಿ ಫೆಡರಲ್ ಇಂಧನ ನಿಯಂತ್ರಣ ಆಯೋಗ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಜೆಫರ್ಸನ್ ರಾಷ್ಟ್ರೀಯ ಅರಣ್ಯದೊಳಗೆ ಹಾಯುವುದು ಐದೂವರೆ ಕಿಲೋಮೀಟರಿನಷ್ಟು ಮಾತ್ರ. ಆದರೆ ವ್ಯಾಜ್ಯ ಬಿಗಿಯಾದದ್ದು ಅಲ್ಲಿಯೇ. ಅಪಲೇಚಿಯನ್ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ಮರ ಕಡಿದು ಕಂದಕ ತೋಡಿದರೆ ಮಳೆಗೆ ಮಣ್ಣು ಕೊಚ್ಚಿಕೊಂಡು ಹೊಳೆ ಸೇರುತ್ತದೆ. ಅದರಲ್ಲಿ ಬಹುಪಾಲನ್ನು ತಡೆಯುತ್ತೇವೆಂದು ಕಂಪನಿ ಕೊಟ್ಟ ಲೆಕ್ಕ ತೀರಾ ಆಶಾವಾದಿಯಾಯಿತೆಂದು ಮೊದಲು ತಕರಾರು ಎತ್ತಿದ್ದು ಅರಣ್ಯ ಇಲಾಖೆಯೇ. ಆಮೇಲೆ ಯಾವ ವಿವರಣೆಯೂ ಇಲ್ಲದೆ ಅದೇ ಲೆಕ್ಕಕ್ಕೆ ಮುದ್ರೆ ಒತ್ತಿತು. ರಿಚ್ಮಂಡಿನ ನಾಲ್ಕನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2018ರ ಜುಲೈನಲ್ಲಿ ಆ ಅನುಮತಿಯನ್ನು ರದ್ದುಮಾಡಿತು. ಇಲಾಖೆ ಮತ್ತೆ ಕೊಟ್ಟಿತು. 2022ರ ಜನವರಿಯಲ್ಲಿ ಕೋರ್ಟು ಮತ್ತೆ ರದ್ದುಮಾಡಿತು. ಅಷ್ಟರಲ್ಲಿ ದಾರಿಯ ಬಹುಭಾಗ ಅಗೆದಾಗಿತ್ತು, ನೀರಿಗೆ ಹೂಳು ಎಷ್ಟು ಸೇರುತ್ತಿದೆ ಎಂಬುದಕ್ಕೆ ಸ್ಥಳದ ಮಾಪನಗಳೇ ಸಿಗುತ್ತಿದ್ದವು. ಇಲಾಖೆ ಅವುಗಳನ್ನು ಸರಿಯಾಗಿ ತೂಗದೆ ಮಾದರಿಯ ಅಂದಾಜಿಗೇ ಅಂಟಿಕೊಂಡಿತ್ತು.

ಮುಂದಿನ ತಿಂಗಳು ಅದೇ ಕೋರ್ಟು ಅಪಾಯದಂಚಿನ ಎರಡು ಮೀನುಗಳ ಬಗ್ಗೆ ವನ್ಯಜೀವಿ ಇಲಾಖೆ ಕೊಟ್ಟ ಅಭಿಪ್ರಾಯವನ್ನೂ ತಳ್ಳಿಹಾಕಿತು. ಅವುಗಳಲ್ಲಿ ಒಂದಾದ ರೋನೋಕ್ ಲಾಗ್‌ಪರ್ಚ್ ಹೊಳೆಯ ತಳದ ಸಣ್ಣ ಕಲ್ಲುಗಳನ್ನು ಮೂತಿಯಿಂದ ಮಗುಚಿ, ಅಡಿಯಲ್ಲಿರುವ ಹುಳುಗಳನ್ನು ತಿನ್ನುತ್ತದೆ. ಕಲ್ಲಿನ ಸಂದಿಗೆ ಹೂಳು ತುಂಬಿದರೆ ಅದರ ಊಟವೇ ಹೋಯಿತು. ಇಂಥ ಸಣ್ಣ ಸಂಗತಿಯನ್ನು ಸರ್ಕಾರದ ಕಡತಕ್ಕೆ ಬಲವಂತವಾಗಿ ಏರಿಸಿದ್ದೇ ಈ ವ್ಯಾಜ್ಯದ ದೊಡ್ಡ ಸಾಧನೆ ಎನ್ನುತ್ತೇನೆ.

ಹಾಗೆಂದು ಈ ದಾರಿಯಲ್ಲಿ ದೋಷವಿಲ್ಲವೆಂದಲ್ಲ. ವಕೀಲರು ಹಿಡಿಯುವುದು ಕಾನೂನಿನಲ್ಲಿ ಗಟ್ಟಿಯಾಗಿರುವ ಎಳೆಯನ್ನು, ಊರವರ ಸಂಕಟ ಅದರಾಚೆ ಉಳಿಯುತ್ತದೆ. ಪಕ್ಕದ ಅಟ್ಲಾಂಟಿಕ್ ಕೋಸ್ಟ್ ಪೈಪ್‌ಲೈನಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯ ಅಡಿಯಲ್ಲಿ ಕೊಳವೆ ಹಾಯಿಸಲು ಒಪ್ಪಿಗೆ ಕೊಡುವ ಅಧಿಕಾರ ಅರಣ್ಯ ಇಲಾಖೆಗಿದೆಯೇ ಎಂಬ ಪ್ರಶ್ನೆ. 2020ರ ಜೂನ್‌ನಲ್ಲಿ ಪರಿಸರ ಸಂಘಟನೆಗಳು 7–2ರಲ್ಲಿ ಸೋತವು. ಮೂರು ವಾರ ಕಳೆಯುವಷ್ಟರಲ್ಲಿ, ಏರಿದ ವೆಚ್ಚ ಮತ್ತು ಇನ್ನುಳಿದ ವ್ಯಾಜ್ಯಗಳ ಅನಿಶ್ಚಿತತೆಯನ್ನು ಮುಂದಿಟ್ಟು ಕಂಪನಿಗಳೇ ಯೋಜನೆ ಕೈಬಿಟ್ಟವು. ಗೆಲುವೇನೋ ಹೌದು. ಆದರೆ ಹೊಳೆಗಳ ಬಗ್ಗೆ, ಆ ಅನಿಲ ಯಾರಿಗೆ ಬೇಕಿತ್ತು ಎಂಬುದರ ಬಗ್ಗೆ ಸುಪ್ರೀಂ ಕೋರ್ಟು ಏನನ್ನೂ ತೀರ್ಮಾನಿಸಿರಲಿಲ್ಲ.

ಇದಕ್ಕಿಂತ ಕ್ರೂರವಾದದ್ದು ಕಾಲದ ದೋಷ. ಭೂಮಿ ಕಳೆದುಕೊಳ್ಳುವವರು ಮೊದಲು ಆಯೋಗಕ್ಕೇ ಮರುಪರಿಶೀಲನೆಯ ಅರ್ಜಿ ಹಾಕಬೇಕು, ಅದು ಇತ್ಯರ್ಥವಾದ ಮೇಲೆ ಕೋರ್ಟು. ಆಯೋಗ ಆ ಅರ್ಜಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೂರುತ್ತಿತ್ತು, ಕಂಪನಿ ಅಷ್ಟರಲ್ಲಿ ಜಮೀನು ವಶಪಡಿಸಿಕೊಂಡು ಅಗೆಯುತ್ತಿತ್ತು. ಪೆನ್ಸಿಲ್ವೇನಿಯಾದ ಅಟ್ಲಾಂಟಿಕ್ ಸನ್‌ರೈಸ್ ಕೊಳವೆಯ ವಿರುದ್ಧ ಹೋರಾಡಿದವರ ಮೊಕದ್ದಮೆಯಲ್ಲಿ, ಈ ಪದ್ಧತಿ ಕಾನೂನುಬಾಹಿರವೆಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2020ರ ಜೂನ್‌ನಲ್ಲಿ. ಅವರ ನೆಲದಡಿಯಲ್ಲಿ 2018ರಿಂದಲೇ ಅನಿಲ ಹರಿಯುತ್ತಿತ್ತು. ಕೆಲಸ ಎಳೆದವರು ಯಾರು ಎಂದು ಕೇಳುವುದಾದರೆ ಇಲ್ಲಿಂದಲೇ ಕೇಳಬೇಕು.

ಮೌಂಟನ್ ವ್ಯಾಲಿಯ ಪ್ರಶ್ನೆಗೆ ಕೊನೆಯ ಮಾತು ಹೇಳಿದ್ದು ವಿಜ್ಞಾನಿಗಳಲ್ಲ, ಸಂಸತ್ತು. 2023ರ ಜೂನ್‌ನಲ್ಲಿ ಸರ್ಕಾರದ ಸಾಲದ ಮಿತಿ ಏರಿಸುವ ಮಸೂದೆಯೊಳಗೆ ಒಂದು ಕಲಂ ಸೇರಿತು: ಪೈಪ್‌ಲೈನಿನ ಎಲ್ಲ ಅನುಮತಿಗಳೂ ಸಿಂಧು, ಅವುಗಳನ್ನು ಪರಿಶೀಲಿಸುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ. ಆ ಬಳಿಕವೂ ನಾಲ್ಕನೇ ಸರ್ಕಿಟ್ ಕೊಟ್ಟ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟು ಜುಲೈನಲ್ಲಿ ತೆರವುಗೊಳಿಸಿತು. ಆಗಸ್ಟಿನಲ್ಲಿ ಮೊಕದ್ದಮೆಗಳೇ ವಜಾ ಆದವು. ವಜಾ ಮಾಡಿದ ಪೀಠದ ನ್ಯಾಯಮೂರ್ತಿ ರೋಜರ್ ಗ್ರೆಗರಿ, ಸಂಸತ್ತು ಹೀಗೆ ನ್ಯಾಯಾಂಗದ ಅಂಗಳಕ್ಕೆ ಕಾಲಿಡುವುದರ ಬಗ್ಗೆ ಪ್ರತ್ಯೇಕವಾಗಿ ಆತಂಕ ಬರೆದಿಟ್ಟರು. 2024ರ ಮೇನಲ್ಲಿ ನೀರು ತುಂಬಿ ಪರೀಕ್ಷಿಸುವಾಗ ವರ್ಜೀನಿಯಾದ ಬೆಂಟ್ ಮೌಂಟನ್ ಬಳಿ ಕೊಳವೆ ಒಡೆಯಿತು. ಮರುತಿಂಗಳು ಅನಿಲ ಹರಿಯತೊಡಗಿತು.

2020ರಲ್ಲಿ ಸಿಕ್ಕಿದ ರಕ್ಷಣೆಯೂ ಈಗ ಸಡಿಲವಾಗಿದೆ. ಮರುಪರಿಶೀಲನೆಯ ಅರ್ಜಿ ಬಾಕಿಯಿರುವಾಗ ನೆಲ ಅಗೆಯುವಂತಿಲ್ಲ ಎಂದು ಆಯೋಗ ಅದೇ ವರ್ಷ ಮಾಡಿಕೊಂಡ ನಿಯಮವನ್ನು 2025ರ ಜೂನ್‌ನಲ್ಲಿ ತಾನೇ ಒಂದು ವರ್ಷದ ಮಟ್ಟಿಗೆ ಬದಿಗಿಟ್ಟಿತು. ಅದರ ಹಿಂದಿನ ತಿಂಗಳು, ಯೂಟಾದ ರೈಲುಮಾರ್ಗದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರ ಪರಿಣಾಮದ ವರದಿಗಳ ವಿಷಯದಲ್ಲಿ ಇಲಾಖೆಗಳ ಮಾತಿಗೆ ಹೆಚ್ಚು ಮನ್ನಣೆ ಕೊಡಬೇಕೆಂದು ಕೆಳಗಿನ ಕೋರ್ಟುಗಳಿಗೆ ಹೇಳಿತ್ತು. ಇನ್ನು ಮುಂದೆ ಹೊಳೆಯ ಪರವಾಗಿ ಕಟಕಟೆಗೆ ಹೋಗುವವರು ಕೊಳವೆಯ ಮಾರ್ಗ ಗುರುತಾದ ದಿನದಿಂದಲೇ ನೀರಿನ ಮಾದರಿ ತೆಗೆದು, ದಾಖಲಿಸಿ, ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಇಲಾಖೆ ಅಳೆದು ಕೊಡುತ್ತದೆಂದು ಕಾಯುವಷ್ಟು ಸಮಯ ಅವರಿಗಿಲ್ಲ.