ಗ್ಯಾಸ್ ಮುಗಿದ ದಿನದ ಹೋಟೆಲ್

ಚಿಕ್ಕಮ್ಮನ ಮಗಳು ಧಾರವಾಡದಿಂದ ಬಂದು ಕತ್ರಿಗುಪ್ಪೆಯಲ್ಲಿ ಮನೆ ಮಾಡಿದಳು. ಸಾಮಾನು ಇಳಿಸಿದ ಸಂಜೆಯೇ ಫೋನು: "ಅಣ್ಣಾ, ಇಲ್ಲಿ ಚಲೋ ಹೋಟೆಲ್ ಯಾವುದು?" ಬೆಂಗಳೂರಿನವನಿಗೆ ಇಂಥ ಪ್ರಶ್ನೆ ಕೇಳಬಾರದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ಲಾಲ್‌ಬಾಗ್ ರಸ್ತೆಯ ಎಂಟಿಆರ್, ಮಲ್ಲೇಶ್ವರದ ಸಿಟಿಆರ್ ಎಂದು ನಾನು ಸಹಸ್ರನಾಮಕ್ಕೆ ಕೂತೆ. ಆಕೆ ಎಲ್ಲ ಕೇಳಿಸಿಕೊಂಡು, "ಅವು ಗೊತ್ತು ಬಿಡು, ರೀಲ್ಸ್‌ನ್ಯಾಗ ನೋಡೀನಿ. ಗ್ಯಾಸ್ ಇನ್ನೂ ಬಂದಿಲ್ಲ, ಹುಡುಗ್ರು ಹಸದಾವ. ನಡಕೋತ ಹೋಗೂವಂಥಾದ್ದು ಹೇಳು" ಅಂದಳು.

ನನ್ನ ಬಾಯಿ ಕಟ್ಟಿತು. ಕತ್ರಿಗುಪ್ಪೆಯಿಂದ ಮಲ್ಲೇಶ್ವರಕ್ಕೆ ಸಂಜೆ ಆರಕ್ಕೆ ಹೊರಟರೆ ಹುಡುಗರು ಹಸಿದು, ಅತ್ತು, ಮಲಗಿ, ಎದ್ದು ಮತ್ತೆ ಹಸಿಯುವಷ್ಟು ದಾರಿ. ಮೂವತ್ತು ವರ್ಷ ಈ ಊರಲ್ಲಿ ತಿಂದವನು ನಾನು. ಹೋಟೆಲ್ ಹೇಳು ಎಂದರೆ ನನ್ನ ಬಾಯಿಗೆ ಬಂದದ್ದು ಯಾತ್ರಾಸ್ಥಳಗಳ ಪಟ್ಟಿ. ಅಂದಿನಿಂದ ನಮ್ಮ ಹೋಟೆಲ್ ಶಿಫಾರಸುಗಳ ಮೇಲೆ ನನಗೆ ಸ್ವಲ್ಪ ಗುಮಾನಿ.

ಹೋಟೆಲ್‌ಗಳಿಗೆ ನಕ್ಷತ್ರ ಕೊಡುವುದರಲ್ಲಿ ಜಗತ್ತಿನಲ್ಲೇ ಹೆಸರಾದ ಕೈಪಿಡಿ ಹುಟ್ಟಿದ್ದು ಟಯರ್ ಕಂಪನಿಯೊಂದರಲ್ಲಿ. ಫ್ರಾನ್ಸಿನ ಮಿಶೆಲಿನ್ ಕಂಪನಿ 1900ರಲ್ಲಿ ಕಾರಿದ್ದವರಿಗಾಗಿ ಅದನ್ನು ಹೊರತಂದಿತು. ಜನ ಊರೂರು ತಿರುಗಲಿ, ಟಯರು ಸವೆಯಲಿ ಎಂಬ ಲೆಕ್ಕ. ನಕ್ಷತ್ರ ಕೊಡತೊಡಗಿದ್ದು 1926ರಲ್ಲಿ. ಮೂರು ನಕ್ಷತ್ರವೆಂದರೆ ಆ ಊಟಕ್ಕೆಂದೇ ಒಂದು ಪ್ರಯಾಣ ಮಾಡಬಹುದು ಎಂದು ಅರ್ಥ. ಕೈಪಿಡಿಯ ಬಗ್ಗೆ ನನ್ನ ತಕರಾರಿಲ್ಲ, ಅದು ತನ್ನ ಕೆಲಸ ಮಾಡಿದೆ. ಆದರೆ ಆ ಅಳತೆಗೋಲನ್ನೇ ನಾವು ಮೂರನೇ ಕ್ರಾಸಿನ ತಿಂಡಿ ಹೋಟೆಲಿಗೂ ಹಿಡಿಯುತ್ತೇವಲ್ಲ, ಅಲ್ಲಿದೆ ಎಡವಟ್ಟು. ಮೂರನೇ ಕ್ರಾಸಿನ ಹೋಟೆಲಿಗೆ ಯಾರೂ ಪ್ರಯಾಣ ಮಾಡಬೇಕಿಲ್ಲ. ಮನೆ ಚಪ್ಪಲಿಯಲ್ಲೇ ಹೋಗಿ, ಬರುವಾಗ ಕೊತ್ತಂಬರಿ ಸೊಪ್ಪು ಹಿಡಿದು ಬರುವಂತಿದ್ದರೆ ಸಾಕು.

ಹಾಗೆ ನೋಡಿದರೆ ಇಂದಿನ ಯಾತ್ರಾಸ್ಥಳಗಳೂ ಒಂದು ಕಾಲದಲ್ಲಿ ಓಣಿಯ ಹೋಟೆಲ್‌ಗಳೇ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಹೆಸರೇ ಅದರ ಗಿರಾಕಿ ಯಾರೆಂದು ಹೇಳುತ್ತದೆ: ಸುತ್ತಮುತ್ತಲ ಶಾಲೆ ಕಾಲೇಜಿನ ಹುಡುಗರು. ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಕೇಳಿದರೆ ಇಲ್ಲ. ಚಟ್ನಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ಐದಾರು ಪದಾರ್ಥಕ್ಕೆ ಕೈ ಕಟ್ಟಿಕೊಂಡು ದಿನಾ ಅದನ್ನೇ ಮಾಡಿದ್ದರಿಂದ ಬಂದ ಹದ ಅದು. ಅಲ್ಲಿಯ ಇಡ್ಲಿ ನನಗೆ ಇವತ್ತಿಗೂ ಇಷ್ಟ. ವಿದ್ಯಾರ್ಥಿ ಭವನದ ದೋಸೆಯೂ ಇಷ್ಟ, ಆದರೆ ಭಾನುವಾರ ಗಲ್ಲಾದ ಬಳಿ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ನಿಂತು ಕಾಯುವಾಗ ದೋಸೆಗಿಂತ ಕಾದದ್ದರ ರುಚಿಯೇ ಜಾಸ್ತಿ ಇರುತ್ತದೆ. ಒಂದು ಗಂಟೆ ನಿಂತವನು ಚೆನ್ನಾಗಿಲ್ಲ ಅನ್ನುವುದಾದರೂ ಹೇಗೆ?

ವಿಡಿಯೋ ಮಾಡುವವರ ಭಾಷೆಯನ್ನೂ ಗಮನಿಸಿ. ಕಾವಲಿಯ ಮೇಲೆ ಬೆಣ್ಣೆ ಮುದ್ದೆ ಕರಗುತ್ತದೆ, ಕ್ಯಾಮೆರಾ ಹತ್ತಿರ ಹೋಗುತ್ತದೆ, ಒಂದು ತುತ್ತು ಬಾಯಿಗೆ, ಕಣ್ಣು ಮುಚ್ಚಿ ತಲೆ ಆಡಿಸಿ, "ಬೆಂಕಿ ಗುರು!" ದೋಸೆ ಬಗ್ಗೆ ಮಾತಾಡಲು ನಮ್ಮ ಮನೆಗಳಲ್ಲಿ ಪದಗಳಿಗೆ ಬರವಿರಲಿಲ್ಲ. ಹಿಟ್ಟು ಹುಳಿ ಬಂದಿದೆ, ಹುದುಗು ಬಂದಿಲ್ಲ, ಅಂಚು ಸೀದಿದೆ ನಡು ಹಸಿ, ಮೆಂತ್ಯ ಜಾಸ್ತಿ ಬಿತ್ತು, ಸೋಡ ಹಾಕಿದ್ದಾನೆ ಗಂಟಲು ಒಣಗುತ್ತೆ. ನಮ್ಮಜ್ಜಿ ಒಂದು ದೋಸೆ ನೋಡಿ ಇಷ್ಟೂ ಹೇಳುತ್ತಿದ್ದಳು, ಅದೂ ಬೇರೆಯವರ ಮನೆಯಲ್ಲಿ. ಇಂಥ ಒಂದಾದರೂ ಮಾತು ಈಗಿನ ಶಿಫಾರಸುಗಳಲ್ಲಿ ಕಾಣುವುದು ಅಪರೂಪ.

ಕಾರಣ ಸರಳ. ಶಿಫಾರಸು ಮಾಡುವವನು ಒಂದು ಸಲ ಹೋಗಿರುತ್ತಾನೆ, ಅದೂ ಹೋಟೆಲ್ ಜೋರಾಗಿ ನಡೆಯುವ ಹೊತ್ತಿಗೆ. ಬೆಳಗಿನ ಎಂಟು ಗಂಟೆಗೆ ಯಾವ ಹೋಟೆಲಾದರೂ ಚೆನ್ನಾಗಿಯೇ ಇರುತ್ತದೆ. ಹೊಸ ಹಿಟ್ಟು, ಗಟ್ಟಿ ಚಟ್ನಿ, ಮೊದಲ ಡಿಕಾಕ್ಷನ್. ನಿಜ ಗೊತ್ತಾಗುವುದು ಹತ್ತೂವರೆಗೆ. ಚಟ್ನಿಗೆ ನೀರು ಬಿತ್ತೋ ಇಲ್ಲವೋ, ಇಡ್ಲಿ ಮತ್ತೆ ಬೇಯಿಸಿದರೋ ಅಥವಾ ತಣಿದದ್ದನ್ನೇ ಬಿಸಿ ಸಾಂಬಾರಿನಲ್ಲಿ ಮುಳುಗಿಸಿ ಕೊಟ್ಟರೋ, ನಾಲ್ಕು ಗಂಟೆಯ ಬೋಂಡ ಬೆಳಗಿನ ಎಣ್ಣೆಯಲ್ಲೇ ಕರಿದದ್ದೋ. ಓಣಿಯ ಹೋಟೆಲಿನ ಗುಣವಿರುವುದು ನಾಲಿಗೆಗೆ ಒಮ್ಮೆ ಹತ್ತಿ ಮರೆಯಾಗುವ ರುಚಿಯಲ್ಲಲ್ಲ, ಮೂವತ್ತು ದಿನ ತಿಂದರೂ ಹೊಟ್ಟೆ ಬೇಡ ಅನ್ನದ ಹದದಲ್ಲಿ.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಖಾನಾವಳಿ ನಮಗಿಂತ ಬುದ್ಧಿವಂತ. ಅಲ್ಲಿ ತಿಂಗಳ ಲೆಕ್ಕದ ಗಿರಾಕಿಗಳಿರುತ್ತಾರೆ: ಕಾಲೇಜು ಹುಡುಗರು, ಬ್ಯಾಂಕಿಗೆ ವರ್ಗವಾಗಿ ಬಂದ ಒಂಟಿ ಮಂದಿ. ಎರಡು ರೊಟ್ಟಿ, ಒಂದು ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಅನ್ನ, ಸಾರು. ತಿಂಗಳು ಮುಗಿದು ಮತ್ತೆ ದುಡ್ಡು ಕಟ್ಟಿದನೆಂದರೆ ಅದೇ ವಿಮರ್ಶೆ. ಬಿಟ್ಟು ಪಕ್ಕದ ಖಾನಾವಳಿಗೆ ಹೋದನೆಂದರೆ ಅದೂ ವಿಮರ್ಶೆಯೇ. ಐದರಲ್ಲಿ ಎಷ್ಟು ನಕ್ಷತ್ರ ಎಂದು ಅವನನ್ನು ಯಾರೂ ಕೇಳಿದ್ದಿಲ್ಲ.

ಬೆಂಗಳೂರಿನಲ್ಲಿ ಆ ಕೆಲಸವನ್ನು ತಕ್ಕಮಟ್ಟಿಗೆ ಮಾಡಿದ್ದು ದರ್ಶಿನಿಗಳು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಬಡಾವಣೆಗೊಂದರಂತೆ ಇವು ಎದ್ದವು. ನಿಂತು ತಿನ್ನುವುದು, ಟೋಕನ್, ಕಣ್ಣೆದುರೇ ಅಡುಗೆ. ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುವುದೂ ಕಾಣುತ್ತದೆ, ಆ ಪೊರಕೆ ಯಾವ ಸ್ಥಿತಿಯಲ್ಲಿದೆ ಎಂಬುದೂ ಕಾಣುತ್ತದೆ. ಈ ಬಗೆಯ ಬಯಲು ಎಂಟಿಆರ್‌ಗೂ ಹಳೆಯದು. ಒಂದು ಕಾಲದಲ್ಲಿ ಗಿರಾಕಿಗಳು ಅಡುಗೆಮನೆ ಹಾದುಕೊಂಡೇ ಒಳಗೆ ಹೋಗಬೇಕಿತ್ತು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ ಅದು ತುಪ್ಪದಲ್ಲಿ ಕೈ ಬಿಗಿ ಮಾಡುವ ಬದಲು ಹೋಟೆಲಿನ ಬಾಗಿಲು ಹಾಕಿ, ಪೊಟ್ಟಣದ ಮಿಕ್ಸ್‌ಗಳ ವ್ಯಾಪಾರಕ್ಕಿಳಿಯಿತು. ಹಟಕ್ಕೆ ಮೆಚ್ಚಬೇಕು. ಆದರೆ ಆ ಬೆಲೆಗೆ ದಿನಾ ತಿನ್ನುತ್ತಿದ್ದವನು ಮಾರನೆಯ ದಿನ ಎಲ್ಲಿಗೆ ಹೋದ ಎಂಬ ಪ್ರಶ್ನೆ ನನಗೆ ಬಿಟ್ಟಿಲ್ಲ. ಓಣಿಯ ಹೋಟೆಲಿನಲ್ಲಿ ಬೆಲೆಯೂ ರುಚಿಯ ಒಂದು ಭಾಗ. ಹತ್ತು ರೂಪಾಯಿ ಏರಿದರೆ ದೋಸೆ ಅಷ್ಟರಮಟ್ಟಿಗೆ ಸಪ್ಪೆಯಾಗುತ್ತದೆ.

ಇನ್ನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಇಡ್ಲಿ ದೋಸೆಯ ಹೋಟೆಲ್‌ಗಳೇ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ನೆನಪಾಗಲಿಲ್ಲ. ಬಡಾವಣೆ ಬಡಾವಣೆಯಲ್ಲಿ ಮುದ್ದೆ, ಬೋಟಿ, ಕಾಲು ಸೂಪು ಹಾಕಿ ಹಮಾಲಿಯ ಹೊಟ್ಟೆಯನ್ನೂ ಆಟೋದವರ ಹೊಟ್ಟೆಯನ್ನೂ ತುಂಬಿಸುವ ಬೋರ್ಡಿಲ್ಲದ ಮಿಲಿಟರಿ ಹೋಟೆಲ್‌ಗಳಂತೂ ನೆನಪಾಗಲೇ ಇಲ್ಲ. 'ಬೆಂಗಳೂರಿನ ತಿಂಡಿ' ಎಂದು ಹೊರಡುವ ಪಟ್ಟಿಗಳಲ್ಲಿ ಹೆಚ್ಚಿನವಕ್ಕೆ ಇದೇ ಮರೆವು. ಮರೆವೋ, ಮಡಿಯೋ!

ಶಿಫಾರಸಿನಿಂದ ಆಗುವ ಅನಾಹುತವೂ ಇದೆ, ಅದರಲ್ಲಿ ನನ್ನ ಪಾಲೂ ಇದೆ. ನಮ್ಮ ಕಡೆಯ ಒಂದು ಸಣ್ಣ ಹೋಟೆಲಿನ ಅವರೆಕಾಳು ಉಪ್ಪಿಟ್ಟಿನ ಬಗ್ಗೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರು ಇನ್ನೊಬ್ಬರಿಗೆ ಹೇಳಿದರು. ಜನ ಕಾರಿನಲ್ಲಿ ಬರತೊಡಗಿದರು, ಹೋಟೆಲಿನವರು ಪಕ್ಕದ ಸೈಕಲ್ ಶಾಪನ್ನೂ ಹಿಡಿದರು, ಮೆನುವಿನಲ್ಲಿ ಪನೀರ್ ಬಂತು. ದಿನಾ ಬೆಳಿಗ್ಗೆ ಪೇಪರ್ ಓದುತ್ತ ಬೈಟು ಕಾಫಿ ಕುಡಿಯುತ್ತಿದ್ದ ಇಬ್ಬರು ನಿವೃತ್ತರಿಗೆ "ಸಾರ್, ಸ್ವಲ್ಪ ಬೇಗ ಸೀಟು ಬಿಡ್ತೀರಾ" ಎಂದದ್ದನ್ನು ನಾನೇ ಕೇಳಿದೆ. ಅವರು ಈಗ ಎದುರಿನ ಬೇಕರಿಯ ಬೆಂಚಿನ ಮೇಲಿದ್ದಾರೆ. ಉಪ್ಪಿಟ್ಟು ಈಗಲೂ ಸಿಗುತ್ತದೆ. ಅವರೆಕಾಳು ಹುಡುಕಬೇಕು.

ಕತ್ರಿಗುಪ್ಪೆಗೆ ಮರಳುತ್ತೇನೆ. ಆ ಸಂಜೆ ನನ್ನಿಂದ ಉಪಯೋಗವಿಲ್ಲವೆಂದು ಗೊತ್ತಾದ ಮೇಲೆ ತಂಗಿ ಕೆಳಗಿಳಿದು, ಎದುರಿನ ಇಸ್ತ್ರಿ ಗಾಡಿಯವರನ್ನು ಕೇಳಿದಳಂತೆ. ಬೆಳಗಿನಿಂದ ರಾತ್ರಿಯವರೆಗೆ ಅದೇ ರಸ್ತೆಯಲ್ಲಿ ನಿಲ್ಲುವ ಮನುಷ್ಯ, ಮೂರು ಹೊತ್ತೂ ಅಲ್ಲೇ ತಿನ್ನುವವರು. ಅವರು ಪೆಟ್ಟಿಗೆ ಪಕ್ಕಕ್ಕಿಟ್ಟು ಹೇಳಿದ್ದು ಇಷ್ಟು: "ಆ ಮೂಲೇಲಿ ಒಂದಿದೆ ಅಮ್ಮಾ, ಪರವಾಗಿಲ್ಲ. ಇಡ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ತಗೊಳ್ಳಿ, ಆಮೇಲೆ ಚಟ್ನಿ ನೀರು. ಪೂರಿ ಬೇಡ, ಎಣ್ಣೆ ಕುಡಿದಿರುತ್ತೆ. ರಾತ್ರಿ ಮಕ್ಕಳಿಗೆ ಮೊಸರನ್ನ ಕೇಳಿ, ಬೋರ್ಡಲ್ಲಿ ಇರಲ್ಲ, ಕೊಡ್ತಾರೆ. ಸೋಮವಾರ ಭಟ್ರಿಗೆ ರಜ, ಅವರ ತಮ್ಮ ಕಾವಲಿ ಹತ್ತಿರ ನಿಲ್ತಾನೆ, ದೋಸೆ ದಪ್ಪ ಆಗುತ್ತೆ."

ಅಂದು ಮೊಸರನ್ನ ಸಿಕ್ಕಿತು. ಮುಂದಿನ ಸೋಮವಾರ ಬೇಕೆಂದೇ ಹೋಗಿ ಮಸಾಲೆ ದೋಸೆ ತಿಂದು, ರಾತ್ರಿ ನನಗೆ ಫೋನು ಮಾಡಿದಳು. ಧ್ವನಿಯಲ್ಲಿ ಖುಷಿಯೋ ಖುಷಿ.

"ಅಣ್ಣಾ, ಖರೇನ ದಪ್ಪ ಇತ್ತು! ನಾಳೆ ಮತ್ತ ಹೊಂಟೀವಿ."